ಮೂಲ ದನಿ, ತಿದ್ದಿದ ದನಿ: ಉಡುಪಿ–ಮಲ್ಪೆ ಪರಿಸರದ ಜನಪದ ಹಾಡಿನ ಧ್ವನಿಮುದ್ರಣ ಚರಿತ್ರೆಯಲ್ಲಿ ಜಾಗದ ಪ್ರಶ್ನೆ

ಜನಪದ ಹಾಡಿನ ಸಂಗ್ರಹದ ಚರಿತ್ರೆಯನ್ನು ಬರೆಯುವಾಗ ಸಾಮಾನ್ಯವಾಗಿ ಸಂಗ್ರಾಹಕರ ಹೆಸರು, ಸಂಗ್ರಹಿಸಿದ ಪಠ್ಯ ಮತ್ತು ಪ್ರಕಟವಾದ ವರ್ಷಗಳಿಗೆ ಪ್ರಾಶಸ್ತ್ಯ ದೊರೆಯುತ್ತದೆ. ಹಾಡು ಯಾವ ವಸ್ತುವಿನ ಮೇಲೆ ದಾಖಲಾಯಿತು, ಆ ವಸ್ತುವಿನಲ್ಲಿ ಎಷ್ಟು ಹೊತ್ತಿನ ಹಾಡಿಗೆ ಎಡೆಯಿತ್ತು, ಎಡೆ ಸಾಲದಾದಾಗ ಯಾವ ಭಾಗವನ್ನು ಕೈಬಿಡಲಾಯಿತು ಎಂಬ ಪ್ರಶ್ನೆಗಳು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಆದರೆ ಮೌಖಿಕ ಪರಂಪರೆಯ ದೃಷ್ಟಿಯಿಂದ ಇವು ಗೌಣ ಪ್ರಶ್ನೆಗಳಲ್ಲ. ಅರಗಿನ ತಟ್ಟೆಯಿಂದ ಕಾಂತೀಯ ಟೇಪಿಗೆ, ಟೇಪಿನಿಂದ ಗಣಕಯಂತ್ರದ ಹಾರ್ಡ್‌ಡಿಸ್ಕಿಗೆ ಹಾಡು ಸಾಗಿ ಬಂದ ದಾರಿಯಲ್ಲಿ ಪ್ರತಿಯೊಂದು ಹಂತದಲ್ಲೂ ಜಾಗದ ಮಿತಿಯು ಹಾಡಿನ ರೂಪವನ್ನು ನಿರ್ಧರಿಸಿದೆ. ಇತ್ತೀಚಿನ ಎರಡೂವರೆ ದಶಕಗಳಲ್ಲಿ ಇದಕ್ಕೆ ಇನ್ನೊಂದು ಸಂಗತಿ ಸೇರಿಕೊಂಡಿದೆ. ಅದು ಹಾಡಿದ ದನಿಯ ಶ್ರುತಿಯನ್ನು ಮುದ್ರಣವಾದ ಬಳಿಕ ತಿದ್ದುವ ತಂತ್ರಾಂಶ. ಈ ತಿದ್ದುಪಡಿಯಿಂದ ಫೈಲುಗಳ ಗಾತ್ರ ಬೆಳೆಯುತ್ತದೆ. ಬೆಳೆದ ಗಾತ್ರವನ್ನು ಇಳಿಸುವ ಕೆಲಸದಲ್ಲಿ ಮೂಲ ದನಿಯೇ ಅಳಿದುಹೋಗುವ ಅಪಾಯವಿದೆ. ಉಡುಪಿ, ಮಲ್ಪೆ, ಕಾಪು, ಕಾರ್ಕಳ ಪರಿಸರದ ಹಾಡುಗಾರಿಕೆಯನ್ನು ಮುಂದಿಟ್ಟುಕೊಂಡು ಈ ಚರಿತ್ರೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

1. ಕಡಲ ಕರೆಯ ಹಾಡು ಮತ್ತು ಅದರ ಸ್ವಭಾವ

ಉಡುಪಿ ನಗರದ ಪಶ್ಚಿಮಕ್ಕಿರುವ ಮಲ್ಪೆಯು ಇಂದು ಯಾಂತ್ರಿಕ ದೋಣಿಗಳ ದೊಡ್ಡ ಬಂದರು. ಅರ್ಧ ಶತಮಾನದ ಹಿಂದೆ ಇಲ್ಲಿಯ ಕಡಲ ಕರೆಯ ಮುಖ್ಯ ದೃಶ್ಯ ರಂಪಣಿಯಾಗಿತ್ತು. ಬಲೆಯ ಒಂದು ತುದಿಯ ಹಗ್ಗವನ್ನು ದಡದಲ್ಲಿ ಉಳಿಸಿ, ದೋಣಿಯಲ್ಲಿ ಸಾಗಿ, ಮೀನಿನ ಹಿಂಡನ್ನು ಬಿಲ್ಲಿನಾಕಾರದಲ್ಲಿ ಬಳಸಿ, ಇನ್ನೊಂದು ತುದಿಯನ್ನು ದಡಕ್ಕೆ ತಂದು, ಎರಡೂ ಹಗ್ಗಗಳನ್ನು ಹತ್ತಾರು ಮಂದಿ ಸೇರಿ ಎಳೆಯುವುದು ಇದರ ಕ್ರಮ. ಬಂಗುಡೆ, ಬೂತಾಯಿಗಳ ರಾಶಿ ಇದರಲ್ಲಿ ದಡಕ್ಕೆ ಬರುತ್ತಿತ್ತು. ಇಷ್ಟು ಮಂದಿಯ ತೋಳಿನ ಬಲ ಒಂದೇ ಕ್ಷಣದಲ್ಲಿ ಹಗ್ಗದ ಮೇಲೆ ಬೀಳಬೇಕಾದರೆ ಅದಕ್ಕೆ ಲಯ ಬೇಕು. ಒಬ್ಬನ ಕರೆಗೆ ಉಳಿದವರು ಓಗೊಡುವ ಎಳೆತದ ಹಾಡು ಆ ಲಯವನ್ನು ಒದಗಿಸುತ್ತಿತ್ತು. ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರ ಹಾಡಿಗೂ ಇದಕ್ಕೂ ಈ ವಿಷಯದಲ್ಲಿ ಸಾಮ್ಯವಿದೆ. ಎರಡರಲ್ಲೂ ಹಾಡು ಕೆಲಸದ ಅಂಗ, ಕೇಳುಗನಿಗಾಗಿ ಹಾಡಿದ್ದಲ್ಲ.

1970ರ ದಶಕದ ನಡುವಿನಿಂದ ಕರಾವಳಿಗೆ ಪರ್ಸೀನ್ ಬಲೆ ಬಂದಿತು. ಯಂತ್ರದ ದೋಣಿಯೇ ಕಡಲಿನಲ್ಲಿ ಹಿಂಡನ್ನು ಸುತ್ತುವರಿದು ಮೇಲೆತ್ತತೊಡಗಿದ ಬಳಿಕ ದಡದಲ್ಲಿ ಕಾದು ನಿಲ್ಲುವ ರಂಪಣಿಯ ಕೂಟಗಳು ಬಹುಬೇಗ ಚೆದುರಿದವು. ಸಣ್ಣ ಪ್ರಮಾಣದ ಕೈರಂಪಣಿ ಉಳಿದುಕೊಂಡರೂ ನೂರು ಕೈಗಳ ದೊಡ್ಡ ಎಳೆತ ಮರಳಲಿಲ್ಲ. ಕೆಲಸ ಹೋದಾಗ ಕೆಲಸದ ಹಾಡಿಗೂ ಸಂದರ್ಭ ಇಲ್ಲವಾಯಿತು. ಇಂಥ ಹಾಡನ್ನು ಇಂದು ವೇದಿಕೆಯಲ್ಲಿ ಹಾಡಿಸಬಹುದು. ಆದರೆ ಹಗ್ಗದ ಭಾರ ಉಸಿರಿನ ಮೇಲೆ ಬಿದ್ದು ಹೊರಡುತ್ತಿದ್ದ ದನಿಯನ್ನು ಮತ್ತೆ ಪಡೆಯಲಾಗದು. ಆದ್ದರಿಂದ ಹಿಂದೆ ಆದ ಮುದ್ರಣ ಯಾವುದೇ ಇರಲಿ, ಎಷ್ಟೇ ಮಸುಕಾಗಿರಲಿ, ಅದು ಬದಲಿ ಇಲ್ಲದ ದಾಖಲೆಯಾಗುತ್ತದೆ.

ಮೊಗವೀರರ ಆರಾಧ್ಯನಾದ ಬೊಬ್ಬರ್ಯನೂ ಸೇರಿದಂತೆ ತುಳುನಾಡಿನ ದೈವಗಳ ಚರಿತ್ರೆ ಪಾಡ್ದನಗಳಲ್ಲಿದೆ. ದೈವಾರಾಧನೆಯ ಸಂದರ್ಭದಲ್ಲಿ ಪಂಬದ, ಪರವ, ನಲಿಕೆ ಸಮುದಾಯದವರು ತೆಂಬರೆಯ ಹಿನ್ನೆಲೆಯಲ್ಲಿ ಇವನ್ನು ಹಾಡುತ್ತಾರೆ. ಗದ್ದೆಯಲ್ಲಿ ಹೆಂಗಸರು ಹಾಡುವಾಗ ಮುಂದಾಳು ಒಂದು ಸಾಲನ್ನು ಮುಗಿಸುವ ಮುನ್ನವೇ ಹಿಮ್ಮೇಳದವರು ಎತ್ತಿಕೊಳ್ಳುವುದುಂಟು. ಈ ಹಾಡುಗಾರಿಕೆಗೆ ಶ್ರುತಿಪೆಟ್ಟಿಗೆಯ ಆಧಾರವಿಲ್ಲ. ಮುಂದಾಳಿನ ಕಂಠವೇ ಆಧಾರ. ಹಾಡು ದೀರ್ಘವಾದಂತೆ, ಆವೇಶ ಏರಿದಂತೆ, ಆಧಾರವೂ ನಿಧಾನವಾಗಿ ಸರಿಯಬಹುದು. ಸ್ವರದಿಂದ ಸ್ವರಕ್ಕೆ ಜಾರುವ, ಎರಡು ಸ್ವರಗಳ ನಡುವೆ ನಿಲ್ಲುವ, ಸಾಲಿನ ಕೊನೆಯನ್ನು ಮಾತಿಗೆ ಹತ್ತಿರವಾಗಿ ಇಳಿಸುವ ಲಕ್ಷಣಗಳು ಇಲ್ಲಿ ಸಹಜ. ಯಕ್ಷಗಾನದ ಭಾಗವತಿಕೆಯಲ್ಲಿ ಶ್ರುತಿಯ ಆಧಾರವಿದೆ, ಮದ್ದಳೆಯನ್ನೂ ಅದಕ್ಕೆ ಹೊಂದಿಸುತ್ತಾರೆ. ಆದರೂ ಅಲ್ಲಿನ ಏರುದನಿಯ ಎಳೆತ, ಜಾರುಗಳು ಹಾರ್ಮೋನಿಯಂನ ಮನೆಗಳಿಗೆ ಪೂರ್ತಿ ಒಗ್ಗುವಂಥವಲ್ಲ.

2. ಮೂರು ನಿಮಿಷದ ತಟ್ಟೆ

ಪಾಡ್ದನಗಳ ಮೊದಲ ಸಂಗ್ರಹಗಳು ಧ್ವನಿಯಿಲ್ಲದ ಸಂಗ್ರಹಗಳು. ಎ.ಸಿ. ಬರ್ನೆಲ್ ಅವರ ಕಾಗದಪತ್ರಗಳಲ್ಲಿದ್ದ ಸಾಮಗ್ರಿಯು ಅವರ ನಿಧನದ ಬಳಿಕ 1894ರಿಂದ ‘ಇಂಡಿಯನ್ ಆ್ಯಂಟಿಕ್ವೆರಿ’ ಪತ್ರಿಕೆಯಲ್ಲಿ ಕಂತುಗಳಾಗಿ ಪ್ರಕಟವಾಯಿತು. ಕಥೆ ಕಾಗದಕ್ಕೆ ಬಂದಿತು. ಹಾಡಿನ ಧಾಟಿ ಬರಲಿಲ್ಲ. ಬರೆದುಕೊಳ್ಳುವವನ ಕೈಯ ವೇಗಕ್ಕೆ ಹಾಡುಗಾರ ತನ್ನನ್ನು ಹೊಂದಿಸಿಕೊಳ್ಳಬೇಕಾದಲ್ಲಿ ಆವರ್ತನೆಗಳು, ಪಲ್ಲವಿ, ಸಂಬೋಧನೆಗಳು ಸಹಜವಾಗಿಯೇ ಉದುರಿಹೋಗುತ್ತವೆ.

1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾಯನವನ್ನು ತಟ್ಟೆಯಲ್ಲಿ ಮುದ್ರಿಸಿಕೊಂಡರು. ಹತ್ತಂಗುಲದ ತಟ್ಟೆಯ ಒಂದು ಮಗ್ಗುಲಲ್ಲಿ ಸುಮಾರು ಮೂರು ನಿಮಿಷದ ಹಾಡಿಗೆ ಮಾತ್ರ ಅವಕಾಶವಿತ್ತು. ಗಂಟೆಗಟ್ಟಲೆ ವಿಸ್ತರಿಸಬಲ್ಲ ಗಾಯನವನ್ನು ಮೂರು ನಿಮಿಷಕ್ಕೆ ಇಳಿಸುವ ಕಲೆಯನ್ನು ಅಂದಿನ ಗಾಯಕರು ರೂಢಿಸಿಕೊಂಡರು. ಮುದ್ರಣದ ಜಾಗವು ಕಲೆಯ ಆಕಾರವನ್ನು ನಿರ್ಧರಿಸಿದ್ದಕ್ಕೆ ಭಾರತದಲ್ಲಿ ಇದು ಮೊದಲ ದೊಡ್ಡ ನಿದರ್ಶನ. ರಾತ್ರಿಯಿಡೀ ನಡೆಯುವ ಬಯಲಾಟಕ್ಕೂ ನೇಮಕ್ಕೂ ಈ ತಟ್ಟೆ ಮೂಲತಃ ಹೊಂದದ ಮಾಧ್ಯಮವಾಗಿತ್ತು.

ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ 1938ರಲ್ಲಿ ದಕ್ಷಿಣ ಭಾರತದಲ್ಲಿ ಸಂಚರಿಸಿ ಮುದ್ರಣ, ಚಲನಚಿತ್ರಗಳೆರಡನ್ನೂ ಮಾಡಿಕೊಂಡರು. ಅವರು ಬಳಸಿದ ಟೆಫಿ ಯಂತ್ರ ಪಟ್ಟಿಯ ಮೇಲೆ ಗೀರು ಕೊರೆದು ದನಿಯನ್ನು ಹಿಡಿಯುವಂಥದು. 1984ರಲ್ಲಿ ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ಅವರು ತಮಿಳುನಾಡು, ಕೇರಳ, ಕರ್ನಾಟಕಗಳಲ್ಲಿ ಬಾಕೆ ಹೋದ ದಾರಿಯಲ್ಲೇ ಮತ್ತೆ ಹೋಗಿ, ಹಳೆಯ ಮುದ್ರಣಗಳನ್ನು ಮುಂದಿಟ್ಟುಕೊಂಡು ಕಲೆಗಳಲ್ಲಾದ ಬದಲಾವಣೆಯನ್ನು ಪರಿಶೀಲಿಸಿದರು. ನಾಲ್ಕೂವರೆ ದಶಕಗಳ ಬಳಿಕ ಇಂಥ ಹೋಲಿಕೆ ಸಾಧ್ಯವಾದುದು ಮೂಲ ಮುದ್ರಣ ಉಳಿದಿದ್ದರಿಂದ. ಅಂದಿನ ಅಭಿರುಚಿಗೆ ತಕ್ಕಂತೆ ತಿದ್ದಿದ ಪ್ರತಿ ಮಾತ್ರ ಉಳಿದಿದ್ದರೆ ಹೋಲಿಕೆಗೆ ಆಧಾರವೇ ಇರುತ್ತಿರಲಿಲ್ಲ.

3. ಟೇಪಿನ ಕಾಲ: ಉದ್ದ ಬಂದಿತು, ವೇಗದ ಸಮಸ್ಯೆಯೂ ಬಂದಿತು

ಕಾಂತೀಯ ಟೇಪು, ಅದರಲ್ಲೂ 1963ರಲ್ಲಿ ಫಿಲಿಪ್ಸ್ ಹೊರತಂದ ಕ್ಯಾಸೆಟ್, ಕ್ಷೇತ್ರಕಾರ್ಯದ ಸ್ವರೂಪವನ್ನೇ ಬದಲಿಸಿತು. ಅಮೆರಿಕದ ಪೀಟರ್ ಜೆ. ಕ್ಲಾಸ್ 1970ರ ದಶಕದಲ್ಲಿ ಸಿರಿ ಆರಾಧನೆಯ ಕುರಿತು ಅಧ್ಯಯನ ಪ್ರಕಟಿಸಿದರು. ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆವರಣದಲ್ಲಿ ಕು.ಶಿ. ಹರಿದಾಸ ಭಟ್ಟರ ನೇತೃತ್ವದಲ್ಲಿ 1980ರ ದಶಕದಲ್ಲಿ ರೂಪುಗೊಂಡ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರವು ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ಕರಾವಳಿಯ ಕಲೆಗಳ ಧ್ವನಿ ಮತ್ತು ದೃಶ್ಯ ದಾಖಲಾತಿಯನ್ನು ವ್ಯವಸ್ಥಿತವಾಗಿ ಕೈಗೊಂಡಿತು. ಅದೇ ಆವರಣದ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ಸಿದ್ಧವಾದ ತುಳು ನಿಘಂಟು 1988ರಿಂದ 1997ರ ಅವಧಿಯಲ್ಲಿ ಆರು ಸಂಪುಟಗಳಲ್ಲಿ ಹೊರಬಂದಿತು. ಪಾಡ್ದನದ ಭಾಷೆಗೆ ಅದರಲ್ಲಿ ವಿಶೇಷ ಸ್ಥಾನ ದೊರೆಯಿತು.

ದಾಖಲಾತಿಯ ಮಾಧ್ಯಮ ಹಾಡಿನ ಅಳತೆಯನ್ನು ಬದಲಿಸುತ್ತದೆ ಎಂಬುದಕ್ಕೆ ಸಿರಿ ಮಹಾಕಾವ್ಯ ಸ್ಪಷ್ಟ ಪುರಾವೆಯಾಗಿದೆ. ಬೆಳ್ತಂಗಡಿ ತಾಲೂಕಿನ ಮಾಚಾರು ಗೋಪಾಲ ನಾಯ್ಕರು 1980ರ ದಶಕದ ನಡುವಿನಲ್ಲಿ ಕೆ. ಚಿನ್ನಪ್ಪ ಗೌಡರಿಗೆ ಈ ಕಾವ್ಯವನ್ನು ಹೇಳಿ ಬರೆಸಿದಾಗ ಅದು ಸುಮಾರು ಎಂಟೂವರೆ ಸಾವಿರ ಸಾಲುಗಳಷ್ಟಾಯಿತು. 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ಲೌರಿ ಹೋಂಕೊ, ಆನೆಲಿ ಹೋಂಕೊ, ಬಿ.ಎ. ವಿವೇಕ ರೈ ಮತ್ತು ಚಿನ್ನಪ್ಪ ಗೌಡರ ತಂಡದ ಮುಂದೆ ಅವರು ಹಲವು ದಿನಗಳ ಕಾಲ ಹಾಡಿದಾಗ ಅದೇ ಕಾವ್ಯ 15,683 ಸಾಲುಗಳಿಗೆ ಬೆಳೆಯಿತು. ಧ್ವನಿ ಹಾಗೂ ವಿಡಿಯೋ ಎರಡರಲ್ಲೂ ದಾಖಲಾದ ಈ ಪಠ್ಯ 1998ರಲ್ಲಿ ಪ್ರಕಟವಾಯಿತು. ಲೇಖನಿಯ ಮುಂದೆ ಕುಗ್ಗಿದ್ದ ಕಾವ್ಯ ಟೇಪಿನ ಮುಂದೆ ತನ್ನ ಅಳತೆಗೆ ಅರಳಿತು. ಹಾಡುಗಾರನೂ ಕಾವ್ಯವೂ ಒಂದೇ. ಬದಲಾದುದು ಕೊಟ್ಟ ಎಡೆ ಮತ್ತು ಹಾಡಲು ಇದ್ದ ಅವಕಾಶ.

ಟೇಪಿನ ಮಿತಿಗಳೂ ಗಮನಾರ್ಹ. 90 ನಿಮಿಷದ ಕ್ಯಾಸೆಟ್ಟಿನ ಒಂದು ಮಗ್ಗುಲು 45 ನಿಮಿಷಕ್ಕೆ ಮುಗಿಯುತ್ತದೆ. ರಾತ್ರಿಯ ಆಟದಲ್ಲಿ ಮಗ್ಗುಲು ಬದಲಿಸುವ ಹೊತ್ತಿನಲ್ಲಿ ಪದ್ಯದ ಸಾಲುಗಳು ತಪ್ಪಿಹೋಗುತ್ತವೆ. ಬಡಗುತಿಟ್ಟಿನ ಭಾಗವತ ಕಾಳಿಂಗ ನಾವಡರು 1990ರ ಮೇ ತಿಂಗಳಲ್ಲಿ ಅಪಘಾತದಲ್ಲಿ ತೀರಿಕೊಂಡಾಗ ಅವರ ವಯಸ್ಸು 32 ತುಂಬಿರಲಿಲ್ಲ. ಅವರ ಭಾಗವತಿಕೆ ಮುಂದಿನ ತಲೆಮಾರಿಗೆ ತಲುಪಿದ್ದು ಬಹುಮಟ್ಟಿಗೆ ಕ್ಯಾಸೆಟ್ಟುಗಳ ಮೂಲಕ. ಒಂದು ಕ್ಯಾಸೆಟ್ಟಿನಿಂದ ಇನ್ನೊಂದಕ್ಕೆ ಪ್ರತಿ ಮಾಡುತ್ತ ಹೋದಾಗ ಟೇಪಿನ ಇರಿಚಲು ದನಿ ಹೆಚ್ಚುತ್ತದೆ, ಯಂತ್ರಯಂತ್ರಗಳ ವೇಗವ್ಯತ್ಯಾಸವೂ ಕೂಡಿಕೊಳ್ಳುತ್ತದೆ.

ಶ್ರುತಿ ತಿದ್ದುಪಡಿ ಎಂಬ ಮಾತು ದಾಖಲಾಗಾರಕ್ಕೆ ಮೊದಲು ಬಂದುದು ಈ ವೇಗದ ಸಮಸ್ಯೆಯ ಮೂಲಕ. ಕ್ಷೇತ್ರದಲ್ಲಿ ಬ್ಯಾಟರಿ ಸೊರಗಿ ಟೇಪು ನಿಧಾನವಾಗಿ ಓಡಿದ್ದರೆ, ಸರಿಯಾದ ವೇಗದಲ್ಲಿ ಕೇಳುವಾಗ ಹಾಡು ಅವಸರದ್ದಾಗುತ್ತದೆ, ದನಿಯೂ ಏರುತ್ತದೆ. ವೇಗ ನೂರಕ್ಕೆ 5ರಷ್ಟು ಹೆಚ್ಚಾದರೆ 60 ನಿಮಿಷದ ಹಾಡು 57 ನಿಮಿಷಕ್ಕೆ ಮುಗಿಯುತ್ತದೆ. ಶ್ರುತಿ ಸುಮಾರು 84 ಸೆಂಟ್‌ನಷ್ಟು ಏರುತ್ತದೆ. ಹಾರ್ಮೋನಿಯಂನ ಒಂದು ಮನೆಯಿಂದ ಪಕ್ಕದ ಮನೆಗಿರುವ ಅಂತರ 100 ಸೆಂಟ್ ಎಂಬುದನ್ನು ನೆನೆದರೆ ಇದರ ಪ್ರಮಾಣ ತಿಳಿಯುತ್ತದೆ. ಇಂಥ ಟೇಪನ್ನು ಸರಿಪಡಿಸಲು ಪುರಾವೆ ಬೇಕು. ಮುದ್ರಣದಲ್ಲಿ ಸೇರಿಕೊಂಡ ವಿದ್ಯುತ್ತಿನ ಗುಂಯ್‌ಗಾಟ ಒಂದು ಪುರಾವೆ. ಭಾರತದಲ್ಲಿ ಅದು ಸೆಕೆಂಡಿಗೆ 50 ಆವರ್ತನದ್ದಾಗಿರಬೇಕು; ಟೇಪಿನಲ್ಲಿ 52.5 ಎಂದು ಕಂಡರೆ ಟೇಪು ನೂರಕ್ಕೆ 5ರಷ್ಟು ವೇಗವಾಗಿ ಓಡುತ್ತಿದೆ ಎಂದು ಊಹಿಸಬಹುದು. ಆದರೆ 1990ರ ದಶಕದಲ್ಲಿ ದಕ್ಷಿಣದ ವಿದ್ಯುತ್ ಜಾಲದ ಆವರ್ತನವೇ 50ಕ್ಕಿಂತ ಕೆಳಗಿಳಿಯುತ್ತಿದ್ದುದರಿಂದ ಈ ಒಂದೇ ಪುರಾವೆ ಸಾಲದು. ಹಾರ್ಮೋನಿಯಂನ ಶ್ರುತಿ, ಹಾಡುಗಾರರ ಇತರ ಮುದ್ರಣಗಳು, ಮಾತಿನ ಸಹಜ ದನಿ ಇವನ್ನು ಕೂಡಿಸಿ ನೋಡಬೇಕಾಗುತ್ತದೆ. ಯಂತ್ರದ ತಪ್ಪನ್ನು ಕಳೆದು ಹಾಡುಗಾರನ ದನಿಯನ್ನು ಮರಳಿ ಪಡೆಯುವುದು ಈ ತಿದ್ದುಪಡಿಯ ಗುರಿ.

4. ಸ್ವರವನ್ನು ತಿದ್ದುವ ತಂತ್ರಾಂಶ

1997ರಲ್ಲಿ ಬಂದ ತಿದ್ದುಪಡಿಯ ಗುರಿ ಇದಕ್ಕಿಂತ ತೀರ ಭಿನ್ನವಾದುದು. ತೈಲ ಶೋಧನೆಗಾಗಿ ಭೂಮಿಯೊಳಗಿನ ಅಲೆಗಳನ್ನು ವಿಶ್ಲೇಷಿಸುವ ಕ್ಷೇತ್ರದಲ್ಲಿ ದುಡಿದಿದ್ದ ಅಮೆರಿಕದ ಆ್ಯಂಡಿ ಹಿಲ್ಡೆಬ್ರಾಂಡ್ ಅವರು ಅಂಥದೇ ಗಣಿತವನ್ನು ಕಂಠಕ್ಕೆ ಅನ್ವಯಿಸಿ ಆಟೋಟ್ಯೂನ್ ಎಂಬ ತಂತ್ರಾಂಶವನ್ನು ರೂಪಿಸಿದರು. ಹಾಡಿದ ದನಿಯ ಅಲೆ ಎಷ್ಟು ಕಾಲಕ್ಕೊಮ್ಮೆ ಮರುಕಳಿಸುತ್ತದೆ ಎಂದು ಅಳೆದು ಅದರ ಶ್ರುತಿಯನ್ನು ಕಂಡುಹಿಡಿಯುವುದು, ಆಯ್ದ ಸ್ವರಶ್ರೇಣಿಯ ಅತಿ ಹತ್ತಿರದ ಸ್ವರಕ್ಕೆ ಅದನ್ನು ಸರಿಸುವುದು ಇದರ ಕ್ರಮ. ಮರುವರ್ಷ, 1998ರಲ್ಲಿ, ಷೆರ್ ಅವರ ‘ಬಿಲೀವ್’ ಹಾಡಿನಲ್ಲಿ ಈ ಸರಿಸುವಿಕೆಯನ್ನು ಮರೆಮಾಚದೆ ಕೇಳಿಸಿದಾಗ ಅದು ಜಗತ್ತಿನ ಗಮನ ಸೆಳೆಯಿತು. ಜರ್ಮನಿಯ ಪೀಟರ್ ನೊಯ್‌ಬೆಕರ್ ರೂಪಿಸಿದ ಮೆಲೊಡೈನ್ 2001ರಲ್ಲಿ ಬೆಳಕಿಗೆ ಬಂದಿತು. ಇದರಲ್ಲಿ ಒಂದೊಂದು ಸ್ವರವೂ ಪರದೆಯ ಮೇಲೆ ಬೇರೆ ಬೇರೆ ಉಂಡೆಯಂತೆ ಕಾಣಿಸುತ್ತದೆ. ಅದನ್ನು ಹಿಡಿದು ಮೇಲೆ ಕೆಳಗೆ ಸರಿಸಬಹುದು, ಎಳೆದು ಉದ್ದ ಮಾಡಬಹುದು. ಮುಂದೆ ಇಂಥ ಸೌಲಭ್ಯ ಧ್ವನಿಮುದ್ರಣದ ತಂತ್ರಾಂಶಗಳ ಒಳಗೇ ಬಂದಿತು. ಕ್ಯೂಬೇಸ್‌ನಲ್ಲಿ 2009ರಲ್ಲಿ, ಲಾಜಿಕ್‌ನಲ್ಲಿ 2013ರಲ್ಲಿ ಇದು ಸೇರ್ಪಡೆಯಾಯಿತು.

ಭಕ್ತಿಗೀತೆ, ಭಜನೆ, ತುಳು ಚಲನಚಿತ್ರಗೀತೆಗಳಲ್ಲಿ ಈ ಉಪಕರಣ ಉಪಯುಕ್ತವಾಗಬಹುದು. ಅಲ್ಲಿನ ವಾದ್ಯಮೇಳ ಕೀಬೋರ್ಡಿನ ಹನ್ನೆರಡು ಸಮಾನ ಸ್ವರಗಳಿಗೆ ಹೊಂದಿಕೊಂಡಿರುತ್ತದೆ. ಪಾಡ್ದನದ ಸಂಗತಿ ಬೇರೆ. ಎರಡು ಮನೆಗಳ ನಡುವೆ ಬೇಕೆಂದೇ ನಿಂತ ಸ್ವರವನ್ನು ತಂತ್ರಾಂಶವು ತಪ್ಪೆಂದು ತಿಳಿದು ಪಕ್ಕದ ಮನೆಗೆ ತಳ್ಳುತ್ತದೆ. ನಿಧಾನವಾಗಿ ಏರಿದ ಆಧಾರವನ್ನು ಮೊದಲಿನ ಮಟ್ಟಕ್ಕೆ ಇಳಿಸುತ್ತದೆ. ಆವೇಶ ಏರುತ್ತಿದ್ದುದರ ಕುರುಹು ಅಲ್ಲಿಗೆ ಅಳಿಯುತ್ತದೆ. ನಂದಳಿಕೆ, ಹಿರಿಯಡಕ, ಕವತ್ತಾರುಗಳ ಸಿರಿಜಾತ್ರೆಯಲ್ಲಿ ಹತ್ತಾರು ಹೆಂಗಸರು ಏಕಕಾಲಕ್ಕೆ ತಮ್ಮ ತಮ್ಮ ಎತ್ತರದಲ್ಲಿ ಹಾಡುವಾಗ ಒಂದೇ ಮೈಕಿಗೆ ಬೀಳುವ ದನಿಯಲ್ಲಿ ಯಾವ ಸ್ವರ ಯಾರದೆಂದು ಯಂತ್ರಕ್ಕೆ ಗೊತ್ತಾಗುವುದಿಲ್ಲ. ತೆಂಬರೆಯ ದನಿ ಬೆರೆತಲ್ಲಿಯೂ ಇದೇ ತೊಡಕು. ಟೇಪಿನ ವೇಗವನ್ನು ಸರಿಪಡಿಸುವಾಗ ತಿದ್ದುವುದು ಯಂತ್ರವನ್ನು. ಇಲ್ಲಿ ತಿದ್ದುವುದು ಹಾಡುಗಾರನನ್ನು. ಎರಡಕ್ಕೂ ಒಂದೇ ಹೆಸರಿರುವುದರಿಂದ ಈ ಭೇದ ಮರೆಯಾಗಬಾರದು.

5. ಫೈಲುಗಳು ಬೆಳೆಯುವ ಬಗೆ

ಗಣಕಯಂತ್ರದಲ್ಲಿ ದನಿಯ ಗಾತ್ರವನ್ನು ನಿಖರವಾಗಿ ಲೆಕ್ಕ ಹಾಕಬಹುದು. ಸೆಕೆಂಡಿಗೆ 48,000 ಬಾರಿ ದನಿಯ ಅಲೆಯನ್ನು ಅಳೆದು ಪ್ರತಿಯೊಂದು ಅಳತೆಯನ್ನು 24 ಬಿಟ್‌ಗಳಲ್ಲಿ ಬರೆದಿಟ್ಟರೆ, ಒಂದೇ ಮೈಕಿನ ಮುದ್ರಣಕ್ಕೆ ನಿಮಿಷವೊಂದಕ್ಕೆ 8.64 ಮೆಗಾಬೈಟ್ ಬೇಕು. ಎಡ–ಬಲ ಎರಡೂ ದಾರಿಯ ಸ್ಟೀರಿಯೋ ಮುದ್ರಣಕ್ಕೆ 17.28 ಮೆಗಾಬೈಟ್, ಗಂಟೆಗೆ ಒಂದು ಗಿಗಾಬೈಟಿಗಿಂತ ತುಸು ಹೆಚ್ಚು. ಹತ್ತು ಗಂಟೆಯ ನೇಮ ಅಥವಾ ಬಯಲಾಟಕ್ಕೆ ಸುಮಾರು 10.4 ಗಿಗಾಬೈಟ್. ಸಾಮಾನ್ಯ ವೇವ್ ಫೈಲು 4 ಗಿಗಾಬೈಟಿನ ಮಿತಿಯನ್ನು ದಾಟಲಾರದ್ದರಿಂದ ಈ ಮುದ್ರಣ ನಾಲ್ಕು ಗಂಟೆಗೆ ತುಸು ಮೇಲ್ಪಟ್ಟು ಒಂದೇ ಫೈಲಿನಲ್ಲಿ ಹಿಡಿಯದು. ತಟ್ಟೆಯ ಮೂರು ನಿಮಿಷ, ಕ್ಯಾಸೆಟ್ಟಿನ 45 ನಿಮಿಷಗಳ ಸಾಲಿಗೆ ಸೇರುವ ಹೊಸ ಮಿತಿ ಇದು. ಇದನ್ನು ದಾಟಲು ಬೇರೆ ಫೈಲು ಮಾದರಿಗಳಿವೆ. ಇಲ್ಲವೇ ಮುದ್ರಣವನ್ನು ಭಾಗಗಳಾಗಿ ಒಡೆಯಬೇಕು.

ಇಷ್ಟು ಮೂಲ ಮುದ್ರಣದ ಲೆಕ್ಕ. ತಿದ್ದುಪಡಿಯ ಲೆಕ್ಕ ಬೇರೆ. ಐದು ನಿಮಿಷದ ಹಾಡನ್ನು ಒಬ್ಬರು ಇಪ್ಪತ್ತು ಬಾರಿ ಹಾಡಿದರೆನ್ನೋಣ. ಒಂದೊಂದು ಟೇಕ್ 43.2 ಮೆಗಾಬೈಟ್, ಇಪ್ಪತ್ತಕ್ಕೆ 864 ಮೆಗಾಬೈಟ್. ಶ್ರುತಿ ತಿದ್ದುವ ತಂತ್ರಾಂಶವು ಹಳೆಯ ಕ್ರಮದಲ್ಲಿ ದನಿಯನ್ನು ಮೊದಲಿಂದ ಕೊನೆಯವರೆಗೆ ಕೇಳಿಸಿಕೊಂಡು ತನ್ನದೇ ಒಂದು ಪ್ರತಿಯನ್ನು ಡಿಸ್ಕಿನಲ್ಲಿ ಬರೆದುಕೊಳ್ಳುತ್ತದೆ. ಆ ಪ್ರತಿ 32 ಬಿಟ್‌ನದಾದರೆ ಒಂದೊಂದು ಟೇಕಿಗೆ 57.6 ಮೆಗಾಬೈಟ್, ಇಪ್ಪತ್ತಕ್ಕೆ 1,152 ಮೆಗಾಬೈಟ್. ಎರಡೂ ಸೇರಿ ಎರಡು ಗಿಗಾಬೈಟಿಗೆ ಹತ್ತಿರ. ಕೊನೆಗೆ ಬಳಕೆಯಾಗುವುದು ಐದೇ ನಿಮಿಷದ ದನಿ. ತಿದ್ದಿದ್ದನ್ನು ಹೊಸ ಫೈಲಾಗಿ ಬರೆದಿಟ್ಟು, ಮತ್ತೆ ಕೇಳಿ, ಮತ್ತೆ ತಿದ್ದಿ, ಮತ್ತೊಂದು ಫೈಲು ಮಾಡಿದರೆ ಗಾತ್ರ ಇನ್ನೂ ಬೆಳೆಯುತ್ತದೆ. ಪ್ರಾಜೆಕ್ಟನ್ನು ಹೊಸ ಹೊಸ ಹೆಸರಿನಲ್ಲಿ ಇಡಿಯಾಗಿ ನಕಲು ಮಾಡಿಡುವ ರೂಢಿಯಿದ್ದಲ್ಲಿ ಇವೆಲ್ಲವೂ ಅಷ್ಟು ಪಟ್ಟು ಹೆಚ್ಚುತ್ತವೆ.

2011ರಲ್ಲಿ ಮೆಲೊಡೈನ್‌ನ ಸೆಲೆಮೊನಿ ಸಂಸ್ಥೆಯು ಪ್ರೆಸೋನಸ್ ಸಂಸ್ಥೆಯ ಜೊತೆಗೂಡಿ ‘ಅರಾ’ ಎಂಬ ಏರ್ಪಾಟನ್ನು ತಂದಿತು. ಮುದ್ರಣ ತಂತ್ರಾಂಶದಲ್ಲಿರುವ ಮೂಲ ಫೈಲನ್ನೇ ತಿದ್ದುವ ತಂತ್ರಾಂಶವು ನೇರವಾಗಿ ಓದಿಕೊಳ್ಳುವುದರಿಂದ ಮೊದಲಿನಂತೆ ದನಿಯನ್ನು ಓಡಿಸಿ ಪ್ರತಿ ಮಾಡಿಕೊಳ್ಳಬೇಕಿಲ್ಲ. ಯಾವ ಸ್ವರವನ್ನು ಎಷ್ಟು ಸರಿಸಬೇಕು ಎಂಬ ಸೂಚನೆ ಮಾತ್ರ ಪ್ರಾಜೆಕ್ಟಿನಲ್ಲಿ ಉಳಿಯುತ್ತದೆ. ದನಿಗೆ ಹೋಲಿಸಿದರೆ ಆ ಸೂಚನೆಯ ಗಾತ್ರ ಅತ್ಯಲ್ಪ. ಹಸ್ತಪ್ರತಿ ಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಓಲೆಯನ್ನು ಕೆರೆದು ಹೊಸದಾಗಿ ಬರೆಯುವುದಕ್ಕೂ ಓಲೆಯನ್ನು ಹಾಗೆಯೇ ಇಟ್ಟು ಅಡಿಟಿಪ್ಪಣಿಯಲ್ಲಿ ಪಾಠಾಂತರ ಸೂಚಿಸುವುದಕ್ಕೂ ಇರುವ ಅಂತರವೇ ಇಲ್ಲಿಯೂ ಇದೆ.

6. ಶುಚಿಗೊಳಿಸುವಾಗಿನ ಅಪಾಯ

ಡಿಸ್ಕ್ ತುಂಬಿದಾಗ ಧ್ವನಿಮುದ್ರಕರು ಬಳಸುವುದು ಬಳಕೆಯಾಗದ ಫೈಲುಗಳನ್ನು ಅಳಿಸುವ ಆಜ್ಞೆಯನ್ನು. ಬಹುತೇಕ ಮುದ್ರಣ ತಂತ್ರಾಂಶಗಳಲ್ಲಿ ಇದು ಯಾವುದಾದರೊಂದು ಹೆಸರಿನಲ್ಲಿ ಇರುತ್ತದೆ. ಸದ್ಯದ ಜೋಡಣೆಯಲ್ಲಿ ಯಾವ ಫೈಲು ಕೇಳಿಸುತ್ತಿದೆಯೋ ಅದನ್ನು ಉಳಿಸಿ, ಕೇಳಿಸದ್ದನ್ನು ಇದು ತೆಗೆದುಹಾಕುತ್ತದೆ. ಇಲ್ಲೇ ತೊಡಕಿದೆ. ಶ್ರುತಿ ತಿದ್ದಿದ ದನಿಯನ್ನು ಹೊಸ ಫೈಲಾಗಿ ಬರೆದು ಹಳೆಯದರ ಸ್ಥಾನದಲ್ಲಿ ಇಟ್ಟ ಕೂಡಲೇ ಮೂಲ ದನಿಯು ಜೋಡಣೆಯಿಂದ ಹೊರಗಾಗುತ್ತದೆ. ಯಂತ್ರದ ಲೆಕ್ಕದಲ್ಲಿ ಅದು ಬಳಕೆಯಾಗದ ಫೈಲು. ಆಜ್ಞೆ ಕೊಟ್ಟಾಗ ಮೊದಲು ಅಳಿಯುವ ಸಾಲಿನಲ್ಲಿ ಅದೂ ಇರುತ್ತದೆ. ತಂತ್ರಾಂಶ ತಪ್ಪು ಮಾಡಿದಂತೆ ಅಲ್ಲ, ಹೇಳಿದ್ದನ್ನೇ ಮಾಡಿದೆ. ಆದರೆ ಉಳಿದುದು ತಿದ್ದಿದ ಪ್ರತಿ, ಹೋದುದು ಹಾಡಿದ ಪ್ರತಿ.

ಸಿನಿಮಾ ಹಾಡಿನಲ್ಲಿ ಇದು ಹೆಚ್ಚಿನ ನಷ್ಟವಲ್ಲ. ಗಾಯಕರನ್ನು ಮತ್ತೆ ಕರೆಯಬಹುದು. ರಂಪಣಿಯ ಹಾಡು ಬಲ್ಲ ಹಿರಿಯರನ್ನು, ಗದ್ದೆ ಬಿಟ್ಟು ದಶಕಗಳಾದ ಅಜ್ಜಿಯನ್ನು ಮತ್ತೆ ಕರೆಯುವುದು ಅನೇಕ ಸಲ ಸಾಧ್ಯವಾಗದು. ಹಾಡನ್ನು ಧ್ವನಿಸುರುಳಿಗಾಗಿ, ವಿಡಿಯೋಗಾಗಿ ಅಂದಗೊಳಿಸುವುದರಲ್ಲಿ ದೋಷವೇನೂ ಇಲ್ಲ. ಹಾಡಿದವರಿಗೂ ಅದು ಸಂತೋಷ ತರಬಹುದು. ಆದರೆ ಅಂದಗೊಳಿಸಿದ ಪ್ರತಿಯೇ ಮುಂದೆ ಏಕೈಕ ಆಧಾರವಾದರೆ, ಕರಾವಳಿಯ ಮೊಗವೀರರು ಹಾರ್ಮೋನಿಯಂನ ಮನೆಗಳಿಗೆ ಸರಿಯಾಗಿ ಹಗ್ಗ ಎಳೆಯುತ್ತಿದ್ದರೆಂಬ ಸುಳ್ಳು ಚರಿತ್ರೆ ನಿರ್ಮಾಣವಾಗುತ್ತದೆ. ಮುಂದಿನ ಸಂಶೋಧಕನಿಗೆ ಅದು ಸುಳ್ಳೆಂದು ತಿಳಿಯುವ ದಾರಿಯೂ ಉಳಿಯುವುದಿಲ್ಲ.

ಜಾಗ ಉಳಿಸಲು ಎಂಪಿ3 ರೂಪದಲ್ಲಿ ಮಾತ್ರ ಇಡುವುದೂ ಇಂಥದೇ ನಷ್ಟಕ್ಕೆ ಎಡೆಮಾಡುತ್ತದೆ. 128 ಕಿಲೋಬಿಟ್‌ನ ಎಂಪಿ3ಯಲ್ಲಿ ಗಂಟೆಯ ಹಾಡು 58 ಮೆಗಾಬೈಟಿನೊಳಗೆ ಅಡಗುತ್ತದೆ, ಸಿ.ಡಿ.ಯ ಗುಣಮಟ್ಟದ ಫೈಲಿನ ಹನ್ನೊಂದನೆಯ ಒಂದು ಪಾಲು. ಕಿವಿಗೆ ಮುಖ್ಯವಲ್ಲವೆಂದು ಲೆಕ್ಕ ಹಾಕಿ ಕೈಬಿಟ್ಟ ಅಂಶಗಳು ಮರಳಿ ಬರುವುದಿಲ್ಲ. 2001ರಿಂದ ಬಳಕೆಯಲ್ಲಿರುವ ಫ್ಲ್ಯಾಕ್ ರೂಪದಲ್ಲಿ ಇಷ್ಟು ಉಳಿತಾಯವಾಗದಿದ್ದರೂ ಮೂಲದ ಒಂದು ಬಿಟ್ ಕೂಡ ನಷ್ಟವಾಗುವುದಿಲ್ಲ.

7. ಅನುಸರಿಸಬಹುದಾದ ಕ್ರಮ

ಧ್ವನಿ ಹಾಗೂ ದೃಶ್ಯಶ್ರವ್ಯ ದಾಖಲಾಗಾರಗಳ ಅಂತಾರಾಷ್ಟ್ರೀಯ ಸಂಘವು 2004ರಲ್ಲಿ ಪ್ರಕಟಿಸಿ 2009ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯು ಸಂರಕ್ಷಣೆಯ ಪ್ರತಿಗೆ ಕನಿಷ್ಠ 48 ಕಿಲೋಹರ್ಟ್ಸ್, 24 ಬಿಟ್‌ನ ಗುಣಮಟ್ಟವನ್ನು ಸೂಚಿಸುತ್ತದೆ. ಸಂರಕ್ಷಣೆಯ ಪ್ರತಿಯಲ್ಲಿ ಅಂದಗೊಳಿಸುವ ಯಾವ ತಿದ್ದುಪಡಿಯೂ ಇರಬಾರದೆಂಬುದು ಈ ಕ್ಷೇತ್ರದ ಒಪ್ಪಿತ ನೀತಿ. ಇದನ್ನು ಕರಾವಳಿಯ ಸಣ್ಣ ಮುದ್ರಣ ಕೊಠಡಿಗಳಿಗೂ ಕ್ಷೇತ್ರಕಾರ್ಯಕರ್ತರಿಗೂ ಅನ್ವಯಿಸುವಾಗ ಕೆಲವು ಹೆಜ್ಜೆಗಳು ಅಗತ್ಯ.

ಮೊದಲನೆಯದಾಗಿ, ಮುದ್ರಣ ಮುಗಿದ ದಿನವೇ, ಯಾವ ತಂತ್ರಾಂಶದಲ್ಲೂ ತೆರೆಯುವ ಮುನ್ನ, ಮೂಲ ಫೈಲುಗಳನ್ನು ಪ್ರಾಜೆಕ್ಟಿನ ಹೊರಗೆ ಬೇರೆ ಡಿಸ್ಕಿನಲ್ಲಿ ಇಡಬೇಕು. ಅದರ ಇನ್ನೊಂದು ಪ್ರತಿ ಬೇರೆ ಕಟ್ಟಡದಲ್ಲಿರುವುದು ಒಳ್ಳೆಯದು. ಉಪ್ಪುಗಾಳಿಯೂ ಮಳೆಗಾಲದ ತೇವವೂ ಇರುವ ಕರಾವಳಿಯಲ್ಲಿ ಒಂದೇ ಡಿಸ್ಕನ್ನು ನಂಬುವಂತಿಲ್ಲ. ಮೂಲ ಹೊರಗೆ ಸುರಕ್ಷಿತವಾಗಿದ್ದರೆ ಪ್ರಾಜೆಕ್ಟಿನೊಳಗೆ ಏನನ್ನು ಅಳಿಸಿದರೂ ಭಯವಿಲ್ಲ.

ಎರಡನೆಯದಾಗಿ, ತಿದ್ದುವ ಮುನ್ನ ಆಯ್ಕೆ ನಡೆಯಬೇಕು. ಟೇಕುಗಳಿಂದ ಬೇಕಾದ ಭಾಗಗಳನ್ನು ಆಯ್ದು ಒಂದು ಹಾಡಾಗಿ ಜೋಡಿಸಿದ ಬಳಿಕ, ಅದರಲ್ಲಿಯೂ ಅಗತ್ಯವಿರುವ ಸಾಲುಗಳಿಗೆ ಮಾತ್ರ ಶ್ರುತಿ ತಿದ್ದುಪಡಿ ಅನ್ವಯಿಸಿದರೆ, ಮೇಲಿನ ಉದಾಹರಣೆಯ 1,152 ಮೆಗಾಬೈಟ್ ಬದಲು ಹೆಚ್ಚೆಂದರೆ 57.6 ಮೆಗಾಬೈಟ್ ಸಾಕು. ಸೂಚನೆಯನ್ನಷ್ಟೇ ಉಳಿಸುವ ಏರ್ಪಾಟು ಇದ್ದಲ್ಲಿ ಅಷ್ಟೂ ಬೇಕಿಲ್ಲ. ಗಾತ್ರ ಇಳಿಸುವ ಉತ್ತಮ ದಾರಿ ಅಳಿಸುವುದಕ್ಕಿಂತ ಮುಂಚೆ ಕಡಿಮೆ ಹುಟ್ಟಿಸುವುದು.

ಮೂರನೆಯದಾಗಿ, ಕೆಲಸ ಮುಗಿದ ಮೇಲೆ ತಿದ್ದಿದ ದನಿಯನ್ನು ಅಂತಿಮ ಫೈಲಾಗಿ ಬರೆದಿಟ್ಟುಕೊಳ್ಳಬೇಕು. ತಂತ್ರಾಂಶದ ಆವೃತ್ತಿ ಬದಲಾದಾಗ ಹಳೆಯ ತಿದ್ದುಪಡಿಯ ಸೂಚನೆ ತೆರೆಯದೆ ಹೋಗಬಹುದು. ಬಳಿಕ ನಡುವಣ ಪ್ರತಿಗಳನ್ನು ತೆಗೆಯಬಹುದು. ಮೂಲ ಮತ್ತು ಅಂತಿಮ ಎರಡೂ ಇದ್ದರೆ ನಡುವಣದ್ದು ಹೋದರೂ ಚರಿತ್ರೆ ಉಳಿಯುತ್ತದೆ.

ನಾಲ್ಕನೆಯದಾಗಿ, ಫೈಲಿನ ಹೆಸರಿನಲ್ಲಿಯೇ ಮೂಲವೋ, ವೇಗ ಸರಿಪಡಿಸಿದ್ದೋ, ಶ್ರುತಿ ತಿದ್ದಿದ್ದೋ ಎಂಬುದು ತಿಳಿಯಬೇಕು. ಯುರೋಪಿನ ಪ್ರಸಾರ ಒಕ್ಕೂಟ 1997ರಲ್ಲಿ ರೂಪಿಸಿದ ಬ್ರಾಡ್‌ಕಾಸ್ಟ್ ವೇವ್ ಮಾದರಿಯಲ್ಲಿ ಇಂಥ ವಿವರಗಳನ್ನು ಫೈಲಿನೊಳಗೆ ಬರೆದಿಡಲು ಅವಕಾಶವಿದೆ. ಹಾಡಿದವರು ಯಾರು, ಊರು ಯಾವುದು, ದಿನ ಯಾವುದು, ಯಂತ್ರ ಯಾವುದು ಎಂಬ ವಿವರಗಳೂ ಅಲ್ಲಿರಬೇಕು. ತಿದ್ದುಪಡಿಗೆ ಹಾಡಿದವರ ಒಪ್ಪಿಗೆ ಪಡೆದಿದೆಯೇ ಎಂಬುದನ್ನೂ ಸೇರಿಸುವುದು ಉಚಿತ. ದೈವದ ಪಾಡ್ದನದಂಥ ಆಚರಣೆಯ ಹಾಡಿನಲ್ಲಿ ಇದು ಕೇವಲ ಔಪಚಾರಿಕ ಸಂಗತಿಯಲ್ಲ.

ಒಟ್ಟಿನಲ್ಲಿ, ಮೂರು ನಿಮಿಷದ ತಟ್ಟೆಯ ಕಾಲದಲ್ಲಿ ಜಾಗದ ಕೊರತೆಯಿಂದ ಹಾಡು ಕುಗ್ಗಿತು. ಟೇಪಿನ ಕಾಲದಲ್ಲಿ ಹಾಡಿಗೆ ಉದ್ದ ದೊರೆಯಿತು, ಮಗ್ಗುಲು ಬದಲಿಸುವಲ್ಲಿ ಸಾಲುಗಳು ತಪ್ಪಿದವು. ಈ ಎರಡೂ ಕಾಲದ ಸಂಗ್ರಾಹಕರಿಗೆ ಬೇರೆ ದಾರಿ ಇರಲಿಲ್ಲ. ಇಂದು ಹತ್ತು ಗಂಟೆಯ ನೇಮದ ಪೂರ್ಣ ಮುದ್ರಣ ಅಂಗೈಯಗಲದ ಡಿಸ್ಕಿನ ಒಂದು ಮೂಲೆಯಲ್ಲಿ ಹಿಡಿಯುತ್ತದೆ. ಹಿಂದಿನವರ ಸಂಗ್ರಹದಲ್ಲಿ ಕಾಣುವ ಕೊರತೆಗಳಿಗೆ ಮಾಧ್ಯಮದ ಮಿತಿಯನ್ನು ಕಾರಣವಾಗಿ ಹೇಳಬಹುದು. ಈ ಕಾಲದಲ್ಲಿ ಮೂಲ ದನಿ ಅಳಿದರೆ ಹಾಗೆ ಹೇಳುವ ಅವಕಾಶ ಇರುವುದಿಲ್ಲ. ಮಲ್ಪೆಯ ಕಡಲ ಕರೆಯಲ್ಲಿ ಹಗ್ಗ ಹಿಡಿದು ಹಾಡಿದವರ ಕಂಠ, ಅದರ ಏರಿಳಿತ, ಅದರ ಉಬ್ಬಸ ಸಹಿತವಾಗಿ, ಮುಂದಿನವರಿಗೆ ತಲುಪಬೇಕಾದರೆ ತಿದ್ದಿದ ಪ್ರತಿಯ ಪಕ್ಕದಲ್ಲಿ ತಿದ್ದದ ಪ್ರತಿಗೂ ಅಷ್ಟು ಎಡೆ ಮೀಸಲಿಡಬೇಕಾಗಿದೆ.